ಹನ್ನೆರಡು ಗಂಟೆಯ ಸರ್ದಾರ್ಜಿ

ಅತ್ತೆಗೆ ಹಿಂದಿ ಬಾರದು, ಕೆಳಗಿನ ಮನೆಯ ಸಿಖ್ ಅಜ್ಜಿಗೆ ಕನ್ನಡ ಬಾರದು. ಆದರೂ ಮಯೂರ್ ವಿಹಾರದ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಅತ್ತೆಗೆ ಗೆಳತಿ ಅಂತ ಇದ್ದವರು ಅವರೊಬ್ಬರೇ. ಚಳಿಗಾಲದಲ್ಲಿ ಮಂಜು ಕರಗಿ ನಮ್ಮ ಮನೆಯೆದುರಿನ ತಾರಸಿಗೆ ಬಿಸಿಲು ಬೀಳುವಾಗ ಹನ್ನೆರಡಾಗುತ್ತದೆ. ಎರಡು ಕುರ್ಚಿ ಹಾಕಿಕೊಂಡು ಒಬ್ಬರು ಬಟಾಣಿ ಬಿಡಿಸುತ್ತ, ಇನ್ನೊಬ್ಬರು ಸ್ವೆಟರ್ ಹೆಣೆಯುತ್ತ ಕೂರುತ್ತಿದ್ದರು. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಇವರಿಗೆ ಮಾತೇ ಇರಲಿಲ್ಲ, ಜಗಳವೂ ಇರಲಿಲ್ಲ.

ಈ ಚಳಿಗೆ ಅತ್ತೆಯ ಮಂಡಿ ಹಿಡಿದುಕೊಂಡಿತು. ಇಳಿದುಹೋಗಿ ಕರೆಯುವುದು ಬಿಟ್ಟು ವಾಟ್ಸಾಪ್ ಹಿಡಿದರು. ಅಜ್ಜಿ ಬರುವುದು ನಿಂತೇಹೋಯಿತು.

"ನೋಡೇ, ದಿನಾ ಕರೀತೀನಿ, ನೋಡಿಯೂ ಬರಲ್ಲ," ಎಂದು ಅತ್ತೆ ಫೋನ್ ನನ್ನ ಮುಖಕ್ಕೆ ಹಿಡಿದರು.

ನೋಡಿದೆ. ಪೇಟ ಸುತ್ತಿ ಹಲ್ಲು ಕಿರಿಯುವ ಸರ್ದಾರ್ಜಿ, ಪಕ್ಕದಲ್ಲಿ ಹನ್ನೆರಡು ತೋರಿಸುವ ಗಡಿಯಾರ. ನಮ್ಮ ಕನ್ನಡದವರ ಗ್ರೂಪಿಗೆ ಯಾವನೋ ಪುಣ್ಯಾತ್ಮ ಹಾಕಿದ ಸ್ಟಿಕರ್. ಅಂಥವನ ಕೈಗೆ ಫೋನ್ ಯಾರು ಕೊಟ್ಟರೋ!

"ಅತ್ತೆ, ಇದನ್ನ ಯಾಕೆ ಕಳಿಸಿದ್ರಿ?"

"ಹನ್ನೆರಡಾಯ್ತು, ಬಿಸಿಲು ಬಂತು, ಬಾ ಅಂತ. ಅವರ ಯಜಮಾನರ ಫೋಟೋಗೆ ಹಾರ ಹಾಕಿದ್ದಾರಲ್ಲ, ಅವರ ಹಾಗೇ ಇದಾರೆ ಅಂತ ಇದನ್ನೇ ಆರಿಸಿದೆ."

ಹನ್ನೆರಡು ಹೊಡೆದರೆ ಸಿಖ್ಖರಿಗೆ ಬುದ್ಧಿ ಕೆಡುತ್ತದೆ ಎಂದು ಈ ಊರಲ್ಲಿ ಹಂಗಿಸುತ್ತಾರೆ ಎಂದು ಬಿಡಿಸಿ ಹೇಳಿದೆ. ಅತ್ತೆಯ ಮುಖ ಬಿಳಿಚಿಕೊಂಡಿತು.

"ಅಯ್ಯೋ ರಾಮ! ನಂಗೇನು ಗೊತ್ತಿತ್ತು? ಹೋಗು ಮಾರಾಯ್ತಿ, ನಿಂಗೆ ಹಿಂದಿ ಬರುತ್ತಲ್ಲ, ಹೇಳು."

ಹೋದೆ. ಬಾಗಿಲಲ್ಲೇ ನಿಂತು ತಿಳಿದಷ್ಟೂ ಹಿಂದಿ ಸುರಿದೆ. ಅಜ್ಜಿ ಕೊನೆಯವರೆಗೂ ಕೇಳಿಸಿಕೊಂಡರು. ಅವರ ಹಿಂದೆ ಗೋಡೆಯ ಮೇಲೆ ಪೇಟ ಸುತ್ತಿದ ಆ ಫೋಟೋ ಇತ್ತು.

"ಕೋಯಿ ಬಾತ್ ನಹೀಂ, ಬೇಟಾ. ಹಮೇಂ ತೋ ಆದತ್ ಹೈ."

ಪರವಾಗಿಲ್ಲ ಮಗಳೇ, ನಮಗೆ ಅಭ್ಯಾಸವಾಗಿದೆ. ಬೈದಿದ್ದರೆ ಕಾಲು ಹಿಡಿಯಬಹುದಿತ್ತು. ಅವರು ನನ್ನ ತಲೆ ಸವರಿ ಮೆಲ್ಲಗೆ ಬಾಗಿಲು ಹಾಕಿಕೊಂಡರು.

ತಾರಸಿಗೆ ಬಂದೆ. ಅತ್ತೆ ಕಾದಿದ್ದರು.

"ಏನಂದ್ರು?"

"ಪರವಾಗಿಲ್ಲ ಅಂದ್ರು."

"ನಂಗೊತ್ತಿತ್ತು, ದೊಡ್ಡ ಮನಸ್ಸು. ಹಾಗಾದ್ರೆ ಬರ್ತಾರೆ ಬಿಡು," ಎಂದ ಅತ್ತೆ ಸೆರಗಿನಿಂದ ಎರಡನೇ ಕುರ್ಚಿಯ ಧೂಳು ಒರೆಸತೊಡಗಿದರು.