ಎಣಿಸಬಾರದ ಕುರಿಗಳು

ಎರಡು ವರ್ಷದ ಹಿಂದಿನ ಆ ಬುಧವಾರವೂ ಎಂದಿನಂತೆಯೇ ಬೆಳಗಾಗಿತ್ತು. ಇವರ ಡಬ್ಬಿಗೆ ಚಪಾತಿ ಕಟ್ಟಿದೆ, ತುಳಸಿಗೆ ನೀರು ಹಾಕಿದೆ, ಫ್ರಿಜ್ಜಿನಲ್ಲಿ ಕೊತ್ತಂಬರಿಯ ಹಿಂದೆ ಅಡಗಿಸಿಟ್ಟ ಸಣ್ಣ ಪೆಟ್ಟಿಗೆ ಹೊರತೆಗೆದೆ. ಅದು ಪಕ್ಕದ ಮನೆಯ ಸೊಸೆ ರೇಣುಕಾಳದು. ಮಕ್ಕಳಾಗಲೆಂದು ದಾವಣಗೆರೆಯಲ್ಲಿ ಚಿಕಿತ್ಸೆ ನಡೆದಿತ್ತು. ಗಂಡನಿಗೆ ಗೊತ್ತು, ಅತ್ತೆ ಗಂಗವ್ವನಿಗೆ ಗೊತ್ತಿಲ್ಲ. ದೇವರಿಗೆ ಹರಕೆ ಹೊತ್ತ ಮೇಲೆ ಆಸ್ಪತ್ರೆ ಯಾಕೆಂದು ಅತ್ತೆ ಅರ್ಧಕ್ಕೇ ನಿಲ್ಲಿಸಿಬಿಟ್ಟರೆ ಎಂಬುದು ರೇಣುಕಾಳ ಭಯ. ಹಾಗಾಗಿ ಔಷಧಿ ನಮ್ಮ ಫ್ರಿಜ್ಜಿನಲ್ಲಿ, ಸೂಜಿ ನಮ್ಮ ಅಡುಗೆಮನೆಯಲ್ಲಿ.

ಚುಚ್ಚಿಕೊಳ್ಳುವವಳು ಅವಳೇ. ನನ್ನ ಕೆಲಸ ಎದುರು ಕೂತು ಧೈರ್ಯ ಹೇಳುವುದು. ನೀವು ನಗಬಾರದು, ಸೂಜಿ ಕಂಡೊಡನೆ ಮುಖ ತಿರುಗಿಸುತ್ತಿದ್ದವಳು ಮಾತ್ರ ನಾನು. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದು ನೆನಪಾಗಿ ಮೊದಲ ದಿನ ಹೇಳಿದ್ದೆ: "ಕಣ್ಣು ಮುಚ್ಚು, ನಿನ್ನ ತವರಿನ ಕುರಿ ಎಣಿಸು."

"ಅಯ್ಯ, ಕುರಿ ಎಣಿಸಬಾರದ್ರಿ ಅಕ್ಕಾ! ಎಣಿಸಿದ್ರ ಕಡಿಮಿ ಆಗ್ತಾವ."

"ಮತ್ತ ಒಂದು ತಪ್ಪಿಸಿಕೊಂಡ್ರ ಗೊತ್ತಾಗೋದು ಹೆಂಗ?"

"ಮುಖ ನೋಡಿದ್ರ ಗೊತ್ತಾಗ್ತೈತಿ. ನಿಮಗ ಓಣಿ ಮಂದಿ ಗುರ್ತು ಹತ್ತಂಗಿಲ್ಲೇನು?"

ಅಂದಿನಿಂದ ಎಣಿಕೆ ಬಿಟ್ಟು ಹೆಸರು ಹಿಡಿದೆವು. "ಬೂದಿ... ಮುರುಕಿವಿ... ಕರಿಮೂತಿ..." ಅವಳ ತವರು ಹಿರೇಹಡಗಲಿಯ ಕುರಿಗಳೆಲ್ಲ ಕೊಟ್ಟೂರಿನ ನನ್ನ ಅಡುಗೆಮನೆ ಹಾದುಹೋಗುವಷ್ಟರಲ್ಲಿ ಸೂಜಿ ಮುಗಿದಿರುತ್ತಿತ್ತು. ಬರಬರುತ್ತ ಹೊಟ್ಟೆಯ ನೀಲಿ ಕಲೆಗಳ ನಡುವೆ ಜಾಗ ಹುಡುಕುವುದೇ ಕಷ್ಟವಾಯಿತು.

ಆ ಬೆಳಿಗ್ಗೆ ಅವಳು ಹಿಂದಿನ ದಿನದ ಸ್ಕ್ಯಾನಿನ ಚೀಟಿ ಕೊಟ್ಟಳು. "ಇಂಗ್ಲಿಷ್ ಐತಿ. ಅಂಡ ಬೆಳದಾವೋ ಇಲ್ಲೋ, ಅಷ್ಟ ನೋಡ್ರಿ."

ನನಗೋ ಅಂಕಪಟ್ಟಿ ಕಂಡ ಹುಡುಗಿಯ ಸಂಭ್ರಮ. "ಒಂಬತ್ತು ಬೆಳದಾವ ನೋಡು!"

ಅವಳ ಮುಖ ಸಣ್ಣದಾಯಿತು. "ಎಣಿಸಿಬಿಟ್ರಲ್ರೀ ಅಕ್ಕಾ..."

ನಗಿಸಲು ನೋಡಿದೆ, ಗೊತ್ತಿದ್ದಷ್ಟು ವಿಜ್ಞಾನ ಹೇಳಿದೆ. ಅವಳು ಹೋದ ಮೇಲೆ ಆ ವಿಜ್ಞಾನ ನನಗೇ ಸಾಲಲಿಲ್ಲ. ಶುಕ್ರವಾರ ಅಂಡ ಹೊರತೆಗೆಯುವ ದಿನ. ಒಂದೂ ಸಿಗದಿದ್ದರೆ?

ಮಧ್ಯಾಹ್ನ ಕಿಟಕಿಯಿಂದ ನೋಡುತ್ತೇನೆ, ರೇಣುಕಾ ತುಂಬಿದ ಕೊಡಕ್ಕೆ ಬಗ್ಗಿದ್ದಾಳೆ, ಒಂದು ಕೈ ಸೆರಗಿನೊಳಗೆ ಹೊಟ್ಟೆ ಹಿಡಿದಿದೆ. ಭಾರ ಎತ್ತಬಾರದೆಂದು ನರ್ಸ್ ಹೇಳಿದ್ದಳು. ಓಡಿಹೋಗಿ ಕಸಿದುಕೊಂಡರೆ ಗಂಗವ್ವ ಯಾಕೆ ಅನ್ನುತ್ತಾರೆ. ಅಷ್ಟರಲ್ಲಿ ಅವರದೇ ದನಿ ಕೇಳಿಸಿತು: "ಲೇ, ಇಳಸ ಅದನ್ನ! ಅರ್ಧ ನೀರು ಅಂಗಳಕ್ಕ ಚೆಲ್ತಿ." ಬೈಯುತ್ತ ತಾವೇ ಕೊಡ ಹೊತ್ತು ಒಳಗೆ ಹೋದರು. ಈ ಸಿಟ್ಟು ಯಾತಕ್ಕೆ, ಯಾರಾದರೂ ಹೇಳಿಬಿಟ್ಟರೇ ಎಂದುಕೊಳ್ಳುತ್ತ ಕಿಟಕಿಯಿಂದ ಹಿಂದೆ ಸರಿದೆ.

ಸಂಜೆ ಗಂಗವ್ವ ನಮ್ಮ ಕಟ್ಟೆಗೆ ಬಂದು, ಎಲೆಗೆ ಸುಣ್ಣ ಹಚ್ಚುತ್ತ ಕೂತರು. ಮೋಡದ ಮಾತಾಯಿತು, ಮೆಂತ್ಯ ಸೊಪ್ಪಿನ ಮಾತಾಯಿತು. ಕೊನೆಗೆ ಎದ್ದು ಚಪ್ಪಲಿ ಮೆಟ್ಟುತ್ತ ಅಂದರು:

"ಶುಕ್ರವಾರ ದವಾಖಾನಿಗೆ ಬಸ್ಸಿನಾಗ ಬ್ಯಾಡ್ರಿ, ಕುಲುಕತೈತಿ. ಇಲ್ಲೇ ಅರಸೀಕೆರಿಯಿಂದ ನನ್ನ ತಮ್ಮ ಗೊತ್ತು ಮಾಡಿದ ಬಾಡಿಗಿ ಕಾರು ಬರತೈತಿ. ನೀವ ಹೇಳಿಸಿದ್ದು ಅನ್ರಿ. ನನಗ ಗೊತ್ತೈತಿ ಅಂದ್ರ ಆಕಿ ಹೆದರಿ ಅರ್ಧಕ್ಕ ಬಿಟ್ಟಾಳು."