ಮೂರನೇ ಸಾಲು

ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ನಕಲಕ್ಕ ಎಂದೇ. ಕಂಪ್ಯೂಟರಿನಲ್ಲಿ ಯಾವ ಕಡತ ಮುಟ್ಟಬೇಕಾದರೂ ಮೊದಲು ಅದರ ನಕಲು ತೆಗೆದು ಬೇರೆ ಕಡೆ ಇಟ್ಟುಕೊಳ್ಳುವುದು ಅವಳ ಪದ್ಧತಿ. "ಇವಳು ಗಂಡಂದೂ ಒಂದು ನಕಲು ಇಟ್ಟಿರ್ತಾಳೆ" ಎಂದು ಎಕ್ಸ್‌ರೇ ವಿಭಾಗದವಳು ಚುಡಾಯಿಸಿದರೆ, "ಇರೋ ಒಬ್ಬರನ್ನೇ ಸಂಭಾಳಿಸಿ ಸಾಕಾಗಿದೆ ಕಣೇ" ಎನ್ನುತ್ತಿದ್ದಳು.

ಆ ಪದ್ಧತಿ ಪುಕ್ಕಟೆ ಬಂದದ್ದಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮ್ಯಾಕ್ರೋ ಕಲಿತ ಹುಮ್ಮಸ್ಸು ಅವಳಿಗೆ. ಮ್ಯಾಕ್ರೋ ಎಂದರೆ ಬ್ರಹ್ಮವಿದ್ಯೆಯೇನಲ್ಲ. ನಾವು ಒತ್ತಿದ ಕೀಲಿಗಳನ್ನು ಕಂಪ್ಯೂಟರ್ ನೆನಪಿಟ್ಟುಕೊಂಡು, ಹೇಳಿದಾಗಲೆಲ್ಲ ಹಾಗೇ ಒತ್ತುತ್ತ ಹೋಗುವುದು. ಅಂದು ಅದು ಇನ್ನೂರು ವರದಿಗಳ ಕೊನೆಯ ಪುಟ ನುಂಗಿ, ಉಳಿಸಿ, ಮುಚ್ಚಿಯೂ ಬಿಟ್ಟಿತ್ತು. ಕಾಗದದ ಪ್ರತಿ ನೋಡಿಕೊಂಡು ಹದಿನೇಳು ದಿನ ಮತ್ತೆ ಟೈಪು ಮಾಡಿದಳು. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಎಲ್ಲರೂ ಸಮಾಧಾನ ಹೇಳಿದರು. ಅವಳಿಗೆ ಬೇಕಿದ್ದದ್ದು ಸಮಾಧಾನವಲ್ಲ, ನಕಲು.

ಹನ್ನೊಂದು ವರ್ಷ ಹಂಗಾಮಿಯಾಗಿ ದುಡಿದ ಮೇಲೆ ಅವಳನ್ನು ಕಾಯಂ ಮಾಡುವ ಆದೇಶ ಕೊನೆಗೂ ಮೇಲಿನಿಂದ ಬಂದಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಕಾಗದ ಅದೇ ಕೋಣೆಯ ಮೂಲೆಯಲ್ಲಿದ್ದ ಹೊಸ ಅಧಿಕಾರಿಯ ಮೇಜಿನ ಮೇಲೆ ಸಹಿಗೆ ಕಾದಿತ್ತು. ಮನೆಯಲ್ಲಿ ಅತ್ತೆ ದಿನಾ ಬಾಗಿಲಲ್ಲೇ ಕೇಳುತ್ತಿದ್ದರು. "ಆಯ್ತೇನೇ ಸಹಿ? ಆಗೋವರೆಗಾದ್ರೂ ನಿನ್ನ ಬಾಯಿಗೆ ಬೀಗ ಹಾಕ್ಕೋ." ಹೋದ ವರ್ಷ ಅದೇ ಆಸ್ಪತ್ರೆಯಲ್ಲಿ ಎರಡು ವಾರ ಮಲಗಿ ಎದ್ದುಬಂದ ಮುದುಕಿಯ ಬಾಯಿ ಮಾತ್ರ ಒಂದು ದಿನವೂ ಮಲಗಿರಲಿಲ್ಲ.

ಗುರುವಾರ ಬೆಳಿಗ್ಗೆ ಅಧಿಕಾರಿ ಉತ್ಸಾಹದಿಂದ ಒಳಬಂದರು. "ಒಂಬೈನೂರು ರೋಗಿಗಳ ವರದೀಲೂ ಮೂರನೇ ಸಾಲು ಹಳೇ ವಾರ್ಡ್ ನಂಬರು. ಅದು ಹೋಗಬೇಕು. ನಾನೇ ಮ್ಯಾಕ್ರೋ ರೆಕಾರ್ಡ್ ಮಾಡಿದೀನಿ. ನಾಲ್ಕು ಗಂಟೆಗೆ ನಿರ್ದೇಶಕರು ಬರ್ತಾರೆ, ಅಷ್ಟರಲ್ಲಿ ಮುಗಿಸಿ."

"ಏನಂತ ರೆಕಾರ್ಡ್ ಮಾಡಿದೀರಿ ಸರ್?"

"ಮೂರನೇ ಸಾಲಿಗೆ ಹೋಗು, ಅಳಿಸು, ಉಳಿಸು, ಮುಂದಿನದು ತೆಗಿ. ಅಷ್ಟೇ."

ನಕಲಕ್ಕನಿಗೆ ಅಪಾಯ ಕೂಡಲೇ ಕಂಡಿತು. ಯಾವುದಾದರೂ ಔಷಧಿ ರೋಗಿಗೆ ಒಗ್ಗದಿದ್ದರೆ, ಆ ಎಚ್ಚರಿಕೆಯನ್ನು ಹೆಸರು, ವಯಸ್ಸುಗಳ ಕೆಳಗೇ ಟೈಪು ಮಾಡುವುದು ಈ ಕೋಣೆಯ ರೂಢಿ. ಅಂಥ ವರದಿಯಲ್ಲಿ ವಾರ್ಡ್ ನಂಬರು ನಾಲ್ಕನೇ ಸಾಲಿಗೆ ಜಾರುತ್ತದೆ. ಅಧಿಕಾರಿ ಪಟ್ಟಿಯಲ್ಲಿ ಮೊದಲಿದ್ದ ಒಂದೇ ವರದಿ ನೋಡಿ ರೆಕಾರ್ಡ್ ಮಾಡಿದ್ದರು. ಆತುರಗಾರನಿಗೆ ಬುದ್ಧಿ ಮಟ್ಟ.

ಅವಳು ಹತ್ತು ಕಡತಗಳ ನಕಲು ತೆಗೆದು, ಅವರೆದುರೇ ಮ್ಯಾಕ್ರೋ ಓಡಿಸಿದಳು. ಏಳನೆಯದರಲ್ಲಿ 'ಪೆನಿಸಿಲಿನ್ ಕೊಡಬಾರದು' ಎಂಬ ಸಾಲು ಮಾಯ. ವಾರ್ಡ್ ನಂಬರು ಮಾತ್ರ ಜಪ್ಪಯ್ಯ ಎಂದರೂ ಅಲುಗದೆ ಕೂತಿತ್ತು.

"ನೋಡಿ ಸರ್. ಇದಕ್ಕೆ ಕೈ ಇದೆ, ಕಣ್ಣಿಲ್ಲ. ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜಾತಿ."

"ಹತ್ತರಲ್ಲೊಂದು ತಾನೇ? ಆಮೇಲೆ ಸರಿಮಾಡೋಣ."

"ಆಮೇಲೆ ಅಂದ್ರೆ ಯಾವಾಗ? ವಾರ್ಡಲ್ಲಿ ಸೂಜಿ ಚುಚ್ಚೋ ನರ್ಸು ಓದೋದು ಇದನ್ನೇ ಸರ್. ನಾನು ಬೇರೆ ರೆಕಾರ್ಡ್ ಮಾಡ್ತೀನಿ. 'ವಾರ್ಡ್ ನಂಬರ್' ಅನ್ನೋ ಮಾತು ಹುಡುಕಿ ಆ ಸಾಲು ಮಾತ್ರ ಅಳಿಸೋ ಹಾಗೆ. ನಕಲಿನ ಮೇಲೆ ಓಡಿಸಿ, ಒಂದೊಂದನ್ನೂ ನೋಡಿ, ನಾಳೆ ಸಂಜೆಗೆ ಕೊಡ್ತೀನಿ."

ಅಧಿಕಾರಿ ತಮ್ಮ ಮೇಜಿನ ಮೇಲಿದ್ದ ಆದೇಶದ ಕಾಗದವನ್ನು ಬೆರಳಲ್ಲಿ ತಟ್ಟಿದರು. "ನಿಮ್ಮದು ಇಲ್ಲೇ ಇದೆ. ನೆನಪಿರಲಿ."

ನಕಲಕ್ಕನಿಗೆ ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಒಂದು ಖಾಲಿ ಹಾಳೆ ಅವರ ಮುಂದೆ ತಳ್ಳಿದಳು.

"ಸರಿ ಸರ್, ಒತ್ತುತೀನಿ. 'ಎಚ್ಚರಿಕೆ ಅಳಿಸಿಹೋಗುತ್ತೆ ಅಂತ ಗೊತ್ತಿದ್ದೂ ನಾನೇ ಒತ್ತಿಸಿದೆ' ಅಂತ ಬರೆದು ಮೊದಲು ಇದಕ್ಕೆ ಸಹಿ ಹಾಕಿ."

ಅಧಿಕಾರಿಯ ಪೆನ್ನು ಜೇಬಿನಿಂದ ಹೊರಬಂತು, ತೆರೆಯಿತು, ಮುಚ್ಚಿತು, ಜೇಬಿಗೇ ಮರಳಿತು. ಅವರು ಆದೇಶವನ್ನು ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದರು. ಅವಳು ಮುಖ ತಿರುಗಿಸಿ ಹೊಸ ಮ್ಯಾಕ್ರೋ ರೆಕಾರ್ಡ್ ಮಾಡಲು ಕೂತಳು.

ನಾಲ್ಕು ಗಂಟೆಗೆ ನಿರ್ದೇಶಕರು ಬಂದಾಗ ಕೆಲಸ ಮುಗಿದಿರಲಿಲ್ಲ. ಮರುದಿನ ಸಂಜೆ ಒಂಬೈನೂರೂ ಮುಗಿದವು. ಎಚ್ಚರಿಕೆಯ ಸಾಲಿದ್ದದ್ದು ಅರವತ್ತಮೂರರಲ್ಲಿ, ಅರವತ್ತಮೂರೂ ಇದ್ದವು. ಡ್ರಾಯರ್ ಮಾತ್ರ ತೆರೆದಿರಲಿಲ್ಲ.

"ಆಯ್ತೇನೇ ಸಹಿ?" ಬಾಗಿಲಲ್ಲಿ ಕೂತಿದ್ದ ಅತ್ತೆ.

"ಇಲ್ಲ ಅತ್ತೆ. ಆಗೋದೂ ಅನುಮಾನ." ಚಪ್ಪಲಿ ಬಿಚ್ಚುತ್ತ ನಡೆದದ್ದನ್ನೆಲ್ಲ ಹೇಳಿ, ಬೈಗುಳಕ್ಕೆ ಸಿದ್ಧಳಾಗಿ ನಿಂತಳು.

ಮುದುಕಿ ಬೈಯುವ ಬದಲು ಕೇಳಿದರು. "ನಂಗೂ ಯಾವ್ದೋ ಔಷಧಿ ಆಗಲ್ಲ ಅಂತ ಬರ್ದಿದ್ರಲ್ಲ?"

"ಹೌದು. ಮೂರನೇ ಸಾಲಲ್ಲಿ."

"ಇದ್ಯಾ?"

"ಇದೆ ಅತ್ತೆ."

ಅತ್ತೆ ಗೋಡೆ ಹಿಡಿದು ಎದ್ದರು. "ಹಂಗಾದ್ರೆ ಆ ಡ್ರಾಯರ್ ಬೀಗ ಅವನೇ ಇಟ್ಕೊಳ್ಳಲಿ. ನಿನ್ನ ಬಾಯಿಗೆ ಹಾಕ್ಕೋ ಅಂತ ನಾನು ಅಂದಿದ್ನಲ್ಲ ಬೀಗ, ಅದನ್ನ ವಾಪಸ್ ತಗೊಂಡೆ."