ಬೈಗುಳಕ್ಕೆ ಹಾಕಿದ ಬೀಗ

ನಮ್ಮ ಅತ್ತೆಯನ್ನು ನಾನು ಎದುರಿಗೆ ಒಂದು ದಿನವೂ ಬೈದವಳಲ್ಲ. ದೊಡ್ಡಬೆಳವಂಗಲದ ಸುತ್ತಮುತ್ತ ಎಲ್ಲಿ ಬೇಕಾದರೂ ಕೇಳಿ, ಸೊಸೆ ಅಂದರೆ ಹೀಗಿರಬೇಕು ಎಂದು ನನ್ನನ್ನೇ ತೋರಿಸುತ್ತಾರೆ. ಇಪ್ಪತ್ತೆರಡು ವರ್ಷ ಹಲ್ಲು ಕಚ್ಚಿಕೊಂಡು ಸಂಪಾದಿಸಿದ ಹೆಸರು ಅದು. ಬೈಯಬೇಕಾದದ್ದನ್ನೆಲ್ಲ ನಾನು ದನದ ಕೊಟ್ಟಿಗೆಯಲ್ಲಿ, ಟ್ಯಾಬಿನ ಮುಂದೆ ಬೈಯುತ್ತಿದ್ದೆ.

ಟ್ಯಾಬು ಮಗಳ ಆನ್‌ಲೈನ್ ಪಾಠಕ್ಕೆಂದು ತಂದದ್ದು. ಅವಳು ಹಾಸ್ಟೆಲಿಗೆ ಹೋದ ಮೇಲೆ ಅದು ಊರ ಹಸುವಾಯಿತು. ಮಧ್ಯಾಹ್ನ ಅತ್ತೆಯ ಧಾರಾವಾಹಿ, ಸಂಜೆ ಮೈದುನನ ಕ್ರಿಕೆಟ್ಟು. ಬೆಳಗ್ಗೆ ಹಾಲು ಕರೆಯುವ ಹೊತ್ತಿಗೆ ಮಾತ್ರ ನನ್ನದು. ಮಗಳು ಪಾಠ ಓದಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದ ಮೈಕಿನ ಚಿತ್ರ ಒಂದಿತ್ತು. ಒಂದು ದಿನ ಸುಮ್ಮನೆ ಅದನ್ನು ಒತ್ತಿ, ಹಿಂದಿನ ದಿನ ಅತ್ತೆಗೆ ಹೇಳಬೇಕಾಗಿದ್ದದ್ದನ್ನೆಲ್ಲ ಹೇಳಿದೆ. ಹೊಟ್ಟೆ ಹಗುರಾಯಿತು. ಹಸುವೂ ಅಂದು ಚೆನ್ನಾಗಿ ಹಾಲು ಕೊಟ್ಟಿತು.

ಹೀಗೆ ಹನ್ನೊಂದಾದವು. ಟ್ಯಾಬು ಅವುಗಳಿಗೆ ಒಂದು, ಎರಡು ಎಂದು ಅಂಕಿ ಹಾಕಿ ಮೆಮೊರಿ ಕಾರ್ಡಿನಲ್ಲಿ ಇಡುತ್ತಿತ್ತು. ಮೂರನೆಯದು ನಮ್ಮಪ್ಪ ತೀರಿಕೊಂಡಾಗಿನದು. ಹಸು ನಿನ್ನ ಕೈಗಲ್ಲದೆ ಹಾಲು ಬಿಡುತ್ತಿಲ್ಲ ಎಂದು ಹೇಳಿಕಳಿಸಿ, ಅತ್ತೆ ನನ್ನನ್ನು ಮೂರೇ ದಿನಕ್ಕೆ ತವರಿನಿಂದ ಕರೆಸಿಕೊಂಡಿದ್ದರು. ಅದನ್ನು ಬೈಯುವಾಗ ಅತ್ತುಬಿಟ್ಟಿದ್ದೆ. ಏಳನೆಯದು ಬೀಗರ ಊಟದ ದಿನ ನನ್ನ ಸಾರಿಗೆ ಅವರು ಕದ್ದು ಉಪ್ಪು ಸುರಿದದ್ದರ ಬಗ್ಗೆ. ಉಳಿದವೂ ಒಂದಕ್ಕಿಂತ ಒಂದು.

ಒಂದು ದಿನ ಬುತ್ತಿ ಹೊತ್ತು ಹೊಲಕ್ಕೆ ಹೋದರೆ, ಹೊಲದ ತುಂಬ ನನ್ನ ದನಿ. ಟ್ರ್ಯಾಕ್ಟರಿನಲ್ಲಿ ಹಾಡು ಕೇಳೋಣವೆಂದು ಮೈದುನ ಟ್ಯಾಬಿನ ಕಾರ್ಡನ್ನೇ ಕಿತ್ತುಕೊಂಡು ಬಂದು ಅಲ್ಲಿಗೆ ಸಿಕ್ಕಿಸಿದ್ದ. "ನಿಮ್ಮ ನಾಲಿಗೆಗೆ ಹೊಲಿಗೆ ಹಾಕೋರು ಯಾರೂ ಇಲ್ವಾ" ಎಂದು ನಾನು ಎರಡು ಎಕರೆಗೂ ಕೇಳುವಂತೆ ಕೂಗುತ್ತಿದ್ದೆ. ನಡುನಡುವೆ ಹಸು ಅಂಬಾ ಎನ್ನುತ್ತಿತ್ತು. ಬುತ್ತಿಯನ್ನು ಬದುವಿನ ಮೇಲಿಟ್ಟು ಟ್ರ್ಯಾಕ್ಟರಿನ ಹತ್ತಿರ ಓಡಿದೆ.

"ಯಾವ ಸೀರಿಯಲ್ ಅತ್ಗೆ ಇದು? ಹಾಡು ಹುಡುಕ್ದೆ, ಇದು ಬಂತು. ಆಯಮ್ಮ ಏನ್ ಬೈತಾಳೆ ಗೊತ್ತಾ" ಎಂದ ಮೈದುನ.

"ಹಳೇದು. ಈಗ ಬರಲ್ಲ" ಎಂದು ಕಾರ್ಡು ಕಿತ್ತುಕೊಂಡೆ. ಇಂಜಿನ್ನಿನ ಗದ್ದಲದಲ್ಲಿ ಅವನಿಗೆ ದನಿಯ ಗುರುತು ಸಿಗದೆ ಅವತ್ತು ನನ್ನ ಮಾನ ಉಳಿಯಿತು. ಆದರೆ ಅತ್ತೆಯ ಕಿವಿ ಮೈದುನನ ಕಿವಿಯಲ್ಲ. ಅವರ ಕಿವಿಗೆ ಒಂದು ಬಿದ್ದರೂ ನನ್ನ ಇಪ್ಪತ್ತೆರಡು ವರ್ಷ ನೀರುಪಾಲು.

ಅದೇ ದಿನ ಟ್ಯಾಬನ್ನೂ ಹಿಡಿದು ದೊಡ್ಡಬಳ್ಳಾಪುರಕ್ಕೆ ಬಸ್ಸು ಹತ್ತಿದೆ. ಬಸ್ ಸ್ಟ್ಯಾಂಡಿನ ಹತ್ತಿರದ ಮೊಬೈಲ್ ಅಂಗಡಿಯಲ್ಲಿ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡ ಸಾಹೇಬರೊಬ್ಬರು ಕೂತಿದ್ದರು.

"ಟ್ಯಾಬ್‌ಗೆ ಬೀಗ ಹಾಕಿದ್ರೆ ಸಾಲಲ್ಲ ಅಕ್ಕ. ಕಾರ್ಡ್ ತೆಗೆದು ಬೇರೆ ಕಡೆ ಹಾಕಿದ್ರೆ ಎಲ್ಲಾ ಕಾಣ್ತದೆ. ಫೈಲ್‌ಗೇ ಹಾಕ್ಬೇಕು. ಏನೈತೆ ಇದ್ರಾಗೆ?" ಎಂದು ಕೇಳಿದರು.

"ಭಜನೆ" ಎಂದೆ.

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಭಜನೆಗೆ ಬೀಗಾನಾ" ಎಂದಷ್ಟೇ ಹೇಳಿ, ಕಾರ್ಡಿನಲ್ಲಿ ಒಂದು ಪೆಟ್ಟಿಗೆ ಮಾಡಿ ಹನ್ನೊಂದನ್ನೂ ಅದರೊಳಗೆ ಹಾಕಿದರು. ಇನ್ನು ಮುಂದಿನ ರೆಕಾರ್ಡನ್ನೂ ಪೆಟ್ಟಿಗೆಯ ಒಳಗೇ ಮಾಡಬಹುದು, ಹೊರಗೆ ಬೀಗದ ಚಿತ್ರವೊಂದೇ ಕಾಣುತ್ತದೆ ಎಂದರು. ಪಾಸ್‌ವರ್ಡಿಗೆ ನನ್ನ ಎಸ್ಸೆಸ್ಸೆಲ್ಸಿ ರಿಜಿಸ್ಟರ್ ನಂಬರು ಕೊಟ್ಟೆ. ಅಪ್ಪ ಪೇಪರು ಹರಡಿಕೊಂಡು ಬೆರಳಿಟ್ಟು ಹುಡುಕಿದ ನಂಬರು ಅದು, ಗಂಡನ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

"ಯಾರಿಗೂ ಹೇಳ್ಬೇಡಿ, ಮರೀಲೂ ಬೇಡಿ. ಮರೆತ್ರೆ ನನ್ ಕೈಲೂ ತೆಗೆಯಕ್ಕಾಗಲ್ಲ" ಎಂದು ಕಳಿಸಿದರು.

ಬಸ್ಸಿನಲ್ಲಿ ಕೂತ ಮೇಲೆ ನನಗೆ ಎರಡನೆಯ ಮಾತೇ ಕೊರೆಯತೊಡಗಿತು. ಮರೆತುಬಿಟ್ಟರೆ? ಒಂದೊಂದೂ ಹದ ನೋಡಿ ಬೈದ ಬೈಗುಳ, ಮತ್ತೆ ಹಾಗೆ ಬೈಯಲು ಬರುತ್ತದೆಯೇ? ನಮ್ಮ ಕಡೆ ಮನೆಗೆ ಬೀಗ ಹಾಕಿದರೆ ಬೀಗದ ಕೈಯನ್ನು ಎದುರು ಮನೆಯಲ್ಲಿ ಕೊಟ್ಟು ಹೋಗುವುದು ರೂಢಿ. ಇಪ್ಪತ್ತೆರಡು ವರ್ಷದಿಂದ ಹಾಗೇ ಮಾಡಿದ ಕಾಲು ಬಸ್ಸಿಳಿದು ಸೀದಾ ಎದುರು ಮನೆಗೆ ನಡೆಯಿತು. ಆ ಮನೆಯಾಕೆ ನನ್ನ ವಾರಿಗೆಯವಳು, ನಂಬಿಗಸ್ತೆ. ಒಂದು ಬೀಗದ ನಂಬರು, ಜೋಪಾನ ಎಂದೆ. ಅವಳು ಅಡುಗೆಮನೆ ಬಾಗಿಲ ಹಿಂದೆ, ಗ್ಯಾಸಿನವರ ನಂಬರಿನ ಕೆಳಗೆ ಸೀಮೆಸುಣ್ಣದಲ್ಲಿ ಬರೆದುಕೊಂಡಳು. ನನಗೆ ನಿರಾಳವಾಯಿತು.

ಎರಡು ದಿನಕ್ಕೆ ಅತ್ತೆ ಧಾರಾವಾಹಿ ಹುಡುಕುತ್ತ, "ಇದೇನಮ್ಮ ಬೀಗದ್ ಚಿತ್ರ?" ಎಂದರು. "ಅದು ಕೆಟ್ಟೋಗದೆ, ಮುಟ್ಬೇಡಿ" ಎಂದೆ. ಅವರು ಮತ್ತೆ ಆ ಮಾತೆತ್ತಲಿಲ್ಲ.

ಹದಿನೈದು ದಿನ ಬೈಯುವಂಥದ್ದೇನೂ ನಡೆಯಲಿಲ್ಲ. ನಡೆದ ದಿನ ಕೊಟ್ಟಿಗೆಯಲ್ಲಿ ಕೂತು ಪೆಟ್ಟಿಗೆ ತೆರೆದೆ. ಒಳಗೆ ಹನ್ನೆರಡಿದ್ದವು.

ಟ್ಯಾಬು ಸೆರಗಿನಲ್ಲಿ ಮುಚ್ಚಿಕೊಂಡು ಎದುರು ಮನೆಗೆ ಓಡಿದೆ. ಅವಳು ಕೊತ್ತಂಬರಿ ಬಿಡಿಸುತ್ತಿದ್ದಳು.

"ನಂಬರ್ ಯಾರಿಗ್ ಕೊಟ್ಟೆ?"

"ನಿಮ್ಮತ್ತೆ ಬಂದು ಬೀಗದ್ ಕೈ ಏನಾದ್ರೂ ಕೊಟ್ಟವ್ಳಾ ಅಂದ್ರು. ಮನೆಯವ್ರೇ ಬಂದ್ ಕೇಳಿದ್ರೆ ಇಲ್ಲ ಅನ್ನಕ್ಕಾಯ್ತದಾ?"

ಅವಳದೇನೂ ತಪ್ಪಿರಲಿಲ್ಲ. ಅದಕ್ಕೇ ಅವಳ ಮೇಲೆ ಇನ್ನಷ್ಟು ಸಿಟ್ಟು ಬಂತು. ಕೊಟ್ಟಿಗೆಗೆ ವಾಪಸು ಬಂದು, ಹಸುವಿನ ಮಗ್ಗುಲಲ್ಲೇ ಕೂತು ಹನ್ನೆರಡನೆಯದನ್ನು ಒತ್ತಿದೆ.

ಮೊದಲು ಕೆಮ್ಮು. ಆಮೇಲೆ ಅತ್ತೆಯ ದನಿ: "ಹಲೋ. ಅತ್ತೆಮ್ಮ, ನಾನು ನಿನ್ ಸೊಸೆ ಮಾತಾಡ್ತಾ ಇವ್ನಿ."

ಅವರ ಅತ್ತೆ ಸತ್ತು ಮೂವತ್ತು ವರ್ಷದ ಮೇಲಾಗಿದೆ.

"ನನ್ ಧಾರೆ ಸೀರೇನ ನಿನ್ ಮಗಳಿಗೆ ಕೊಟ್ಬಿಟ್ಟು, ಇಲಿ ಕಡೀತು ಅಂದೆ. ಇಲಿ ಗಂಟಿನ ಸಮೇತ ಹೊತ್ಕಂಡೋಯ್ತಾ? ಬಾಣಂತನ್ದಲ್ಲಿ ಅರ್ಧ ಮುದ್ದೆ ಇಕ್ಕಿ, ಜಾಸ್ತಿ ತಿಂದ್ರೆ ಮಗೀಗೆ ಆಗಲ್ಲ ಅಂದೆ. ಹಸ್ಕಂಡೇ ಮಲಗಿದ್ದೆ ಕಣೇ ನಾನು. ಅವತ್ತೇ ಕೇಳ್ಬೇಕಾಗಿತ್ತು. ಭಯ ಆಯ್ತು. ಇಲ್ಲಿ ಬೀಗ ಐತೆ, ಅದಕ್ಕೇಳ್ತಾ ಇವ್ನಿ."

ಮುಕ್ಕಾಲು ಗಂಟೆ ಬೈದಿದ್ದರು. ನನ್ನ ಹನ್ನೊಂದೂ ಸೇರಿದರೂ ಅಷ್ಟು ಉದ್ದವಿಲ್ಲ, ಅಷ್ಟು ಚೆನ್ನಾಗಿಯೂ ಇಲ್ಲ. ನನಗೆ ನಗು ಬಂತು, ನಗುತ್ತ ನಗುತ್ತ ಕಣ್ಣು ತುಂಬಿತು. ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಕೊನೆಗೆ ದನಿ ತಗ್ಗಿತು.

"ಇನ್ನು ನಿಂಗೆ ಕಣಮ್ಮ. ಮೂರ್ನೇದು ನಿಜ. ತಪ್ಪಾಯ್ತು, ನಿನ್ನ ಇನ್ನೊಂದಷ್ಟು ದಿನ ಬಿಡ್ಬೇಕಾಗಿತ್ತು. ಏಳ್ನೇದು ಸುಳ್ಳು. ಉಪ್ಪು ನಾನಾಕಿಲ್ಲ, ನೀನೇ ಎರಡ್ ಸಲ ಆಕ್ದೆ."

ಹಾಲು ತೆಗೆದುಕೊಂಡು ಒಳಗೆ ಹೋದೆ. ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು, ತಲೆ ಎತ್ತಲಿಲ್ಲ. ನಾನೂ ಪಕ್ಕದಲ್ಲಿ ಕೂತು ಸುಲಿಯತೊಡಗಿದೆ. ಪಾಸ್‌ವರ್ಡು ಬದಲಾಯಿಸಿಲ್ಲ. ಈಗ ಬೆಳಗ್ಗೆ ಪೆಟ್ಟಿಗೆ ನನ್ನದು, ಧಾರಾವಾಹಿ ಮುಗಿದ ಮೇಲೆ ಅವರದು.

ಮೂರನೆಯದನ್ನು ಅವತ್ತೇ ಅಳಿಸಿದೆ. ಏಳನೆಯದನ್ನು ಹಾಗೇ ಇಟ್ಟಿದ್ದೇನೆ. ಉಪ್ಪು ಹಾಕಿದ್ದು ಅವರೇ.